ಸಿಲ್ವರ್ ಮರಕ್ಕೆ ಹಬ್ಬಿಸಿದ ಬಳ್ಳಿ

ನಿಂಗೇಗೌಡರ ಮಗ ಕೆಂಪಣ್ಣ, ವಯಸ್ಸು ಐವತ್ತೇಳು. ಹೆಂಡತಿ ಲಿಂಗಮ್ಮ, ಒಬ್ಬಳೇ ಮಗಳು ಹರ್ಷಿತಾ. ತಂದೆ ಅರಕಲಗೂಡಿನ ಕಡೆಯಿಂದ ಹಾರಂಗಿ ನಾಲೆಯ ಮಣ್ಣುಕೆಲಸಕ್ಕೆ ಬಂದು ಕುಶಾಲನಗರದ ಹತ್ತಿರ ನೆಲೆನಿಂತವರು. ಅಣ್ಣ ಮರಳಿ ಊರಿಗೆ ಹೋಗಿ ಹಸು ಕಟ್ಟಿಕೊಂಡರು. ಕೆಂಪಣ್ಣನವರು ಮಾತ್ರ ಮೀಸೆ ಮೂಡುವ ವಯಸ್ಸಿಗೆ ಚೆಟ್ಟಳ್ಳಿಯ ಒಂದು ತೋಟಕ್ಕೆ ಮೆಣಸು ಕೊಯ್ಯಲು ಬಂದರು. ಅದೇ ತೋಟದ ಕೂಲಿಕಾರರ ಲೈನಿನ ಕೊನೆಯ ಮನೆಯಲ್ಲಿ ಸಂಸಾರ ಹೂಡಿದರು. 2023ರ ಮಳೆಗಾಲದಲ್ಲಿ ಆ ಮನೆಯಿಂದಲೇ ಮಡಿಕೇರಿಯ ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ.

ಅವರ ಪಕ್ಕದ ಮನೆ ನಮ್ಮದು. ನನ್ನ ತಮ್ಮ ಗಿರಿ ಅವರ ಜೊತೆಯಲ್ಲಿ ಏಣಿ ಹತ್ತಿದವನು. ಇಲ್ಲಿರುವುದು ಕಂಡದ್ದು ಮತ್ತು ಕೇಳಿದ್ದು. ಸತ್ತವರನ್ನು ಅಗತ್ಯಕ್ಕಿಂತ ದೊಡ್ಡವರನ್ನಾಗಿ ಮಾಡುವ ಅಭ್ಯಾಸ ನನಗಿಲ್ಲ. ಕೆಂಪಣ್ಣನವರು ಹಟಮಾರಿ. ಬೀಡಿ ಬಿಡಲಿಲ್ಲ. ಬೇರೆಯವರು ಕಟ್ಟಿದ ಏಣಿಯನ್ನು ಒಮ್ಮೆಯೂ ಹೊಗಳಲಿಲ್ಲ. ಆದರೆ ಅವರನ್ನು ಕೂಲಿಯವರೆಂದು ಮಾತ್ರ ಯಾರೂ ಬರೆಯಕೂಡದು. ಸುಮಾರು ಹತ್ತು ವರ್ಷ ಅವರು ಬರಿಯ ಕೂಲಿಯವರಾಗಿರಲಿಲ್ಲ, ಪಾಲುಗಾರರಾಗಿದ್ದರು. ಆ ಹತ್ತು ವರ್ಷ ಹೇಗೆ ಬಂತು, ಹೇಗೆ ಹೋಯಿತು ಎಂಬುದೇ ಅವರ ಕಥೆ.

ಕಾಳುಮೆಣಸು ತನ್ನ ಕಾಲಮೇಲೆ ನಿಲ್ಲುವ ಗಿಡವಲ್ಲ. ಕಾಫಿಯ ನೆರಳಿಗೆಂದು ಬೆಳೆಸಿದ ಮರಗಳನ್ನೇ ತಬ್ಬಿಕೊಂಡು ಮೇಲೇರುವ ಬಳ್ಳಿ. ಕೊಯ್ಯುವವನು ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ತುದಿಯನ್ನು ಹಗ್ಗದಿಂದ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಬೇಕು. ಕೆಂಪಣ್ಣನವರು ತಮ್ಮ ಬಿದಿರನ್ನು ಅಮಾವಾಸ್ಯೆಯ ಆಸುಪಾಸಿನಲ್ಲೇ ಕಡಿಯುತ್ತಿದ್ದರು. ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಹುಳು ಬೀಳುತ್ತದೆ ಎಂಬುದು ಅವರ ನಂಬಿಕೆ.

ತೋಟದ ಯಜಮಾನರು ಬಿದ್ದಪ್ಪನವರು. ತೋಟದ ಮೇಲಿನ ಇಳಿಜಾರಿನಲ್ಲಿ ಕಾಫಿ ಸೊರಗಿ, ಮರಗಳು ಮಾತ್ರ ಉಳಿದಿದ್ದವು. 2009ರ ಮುಂಗಾರಿನ ಮೊದಲ ವಾರ ಅವರು ಕೆಂಪಣ್ಣನವರನ್ನು ಅಲ್ಲಿಗೆ ಕರೆದೊಯ್ದರು.

“ನೋಡು ಕೆಂಪಣ್ಣ, ನೀನು ಬಳ್ಳಿ ಹಾಕು, ನೀನೇ ಸಾಕು. ಮರ ನಂದು, ಬಳ್ಳಿ ನಿಂದು. ಬಳ್ಳಿ ಇರೋ ತನಕ ಫಸಲು ಅರ್ಧ ಅರ್ಧ. ಆಗ್ಬಹುದಾ?”

“ಕಾಗ್ದ ಗೀಗ್ದ ಬ್ಯಾಡ್ವಾ ಸಾವ್ಕಾರ್ರೇ?”

“ನಿಂಗೆ ಓದೋಕೆ ಬರಲ್ಲ, ನಂಗೆ ಕನ್ನಡಕ ಇಲ್ಲದೆ ಕಾಣಲ್ಲ. ಕಾಗದ ಯಾರಿಗೆ?”

ಇಬ್ಬರೂ ನಕ್ಕರು. ಒಪ್ಪಂದ ಮುಗಿಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ, ಬಳ್ಳಿಗಳು ಬೇರು ಹಿಡಿಯುತ್ತಿದ್ದಾಗ, ಬಹುದೂರದ ಒಂದು ನಗರದಲ್ಲಿ ನಮ್ಮ ದೇಶ ಮತ್ತು ಪೂರ್ವದ ಹತ್ತು ದೇಶಗಳು ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಕಾಗದವಿತ್ತು; ಯಾವ ಸರಕಿನ ಮೇಲಿನ ಸುಂಕ ಎಷ್ಟು ವರ್ಷಗಳಲ್ಲಿ ಎಷ್ಟು ಇಳಿಯಬೇಕು ಎಂಬ ಉದ್ದುದ್ದ ಪಟ್ಟಿಗಳಿದ್ದವು. ಕಾಳುಮೆಣಸೂ ಅವುಗಳಲ್ಲೊಂದರಲ್ಲಿತ್ತು. ಈ ಸುದ್ದಿ ಚೆಟ್ಟಳ್ಳಿಯ ಲೈನಿಗೆ ಬರಲಿಲ್ಲ. ಬಂದಿದ್ದರೂ ಯಾರೂ ಏಣಿ ಇಳಿಯುತ್ತಿರಲಿಲ್ಲ.

ಬಳ್ಳಿಗೆ ಮರ ಆರಿಸುವಾಗ ಕೆಂಪಣ್ಣನವರು ತಪ್ಪಿದರು. ಇಳಿಜಾರಿನಲ್ಲಿ ಹಲಸಿನ ಮರಗಳಿದ್ದವು, ಕಾಡುಮರಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಸಿಲ್ವರ್ ಓಕ್ ಮರಗಳಿದ್ದವು. ಹಲಸಿಗೆ ಹಬ್ಬಿಸೆಂದು ಲಿಂಗಮ್ಮ ಹೇಳಿದ್ದರು.

“ಹಲಸಿನ ಮೈಯೆಲ್ಲಾ ಗಂಟು ಕಣೆ. ಏಣಿ ಕೂರಕಿಲ್ಲ. ಸಿಲ್ವರ್ ನೋಡು, ಕಂಬ ನೆಟ್ಟಂಗೆ ನಿಂತೈತೆ.”

“ಏಣಿ ನೋಡಿ ಮರ ಆರಿಸ್ತಾರಾ? ಹಲಸು ಮೂರು ತಲೆ ಇರ್ತದೆ. ಸಿಲ್ವರ್ ಬೆಳೆಸೋದೇ ಕಡಿಯೋಕೆ.”

“ಮೆಣಸು ಬಿಟ್ಟಿರೋ ಮರವ ಯಾವ ಮುಠ್ಠಾಳ ಕಡೀತಾನೆ? ಸುಮ್ಕಿರು.”

ಕೊಡಗಿನಲ್ಲಿ ಹಲಸನ್ನೋ ಕಾಡುಮರವನ್ನೋ ಉರುಳಿಸಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸಿಲ್ವರ್ ಮರಕ್ಕೆ ಆ ತಡೆಯಿಲ್ಲ. ಒಡೆಯ ಮನಸ್ಸು ಮಾಡಿದ ದಿನವೇ ಅದು ಪ್ಲೈವುಡ್ ಕಾರ್ಖಾನೆಯ ಲಾರಿ ಏರಬಹುದು. ಕೆಂಪಣ್ಣನವರಿಗೆ ಇದು ತಿಳಿಯದ್ದೇನಲ್ಲ. ಆದರೆ ಅವರು ಮರವನ್ನು ಹತ್ತುವವನ ಕಣ್ಣಿನಿಂದ ನೋಡಿದರು, ಬಾಳುವವನ ಕಣ್ಣಿನಿಂದ ನೋಡಲಿಲ್ಲ. ಒಂದೊಂದು ಸಿಲ್ವರ್ ಮರದ ಬುಡಕ್ಕೂ ಬಳ್ಳಿ ನೆಟ್ಟರು. ಹಲಸುಗಳನ್ನು ಬಿಟ್ಟರು.

ಮಳೆಗೆ ಮುಂಚೆ ರೋಗ ತಗಲದಂತೆ ಮೈಲುತುತ್ತ ಸುಣ್ಣ ಬೆರೆಸಿ ಸಿಂಪಡಿಸಿದರು, ನೆರಳಿನ ಕೊಂಬೆ ಸವರಿದರು, ಬುಡಕ್ಕೆ ತರಗು ಹೊದಿಸಿದರು. ಹಗಲು ತೋಟದ ಕೂಲಿ ಮುಗಿಸಿ ಸಂಜೆಯ ಬೆಳಕಿರುವಷ್ಟು ಹೊತ್ತು ಮೇಲಿನ ಇಳಿಜಾರಿನಲ್ಲಿರುತ್ತಿದ್ದರು. ನಾಲ್ಕನೆಯ ವರ್ಷ ಬಳ್ಳಿ ತುಂಬಿತು.

ಫಸಲು ಹಂಚುವುದಕ್ಕೆ ಆ ತೋಟದಲ್ಲಿ ಒಂದು ಪದ್ಧತಿಯಿತ್ತು. ಒಣಗಿದ ಮೆಣಸನ್ನು ಕಣದ ಮೇಲೆ ಯಜಮಾನರ ಕಡೆಯವರು ಎರಡು ರಾಶಿ ಮಾಡಬೇಕು. ಅದರಲ್ಲಿ ತನಗೆ ಯಾವುದು ಬೇಕೆಂದು ಬಳ್ಳಿ ಸಾಕಿದವನು ಮೊದಲು ಆರಿಸಬೇಕು. ಆರಿಸುವ ತನಕ ತಕ್ಕಡಿ ಹೊರಗೆ ಬರಬಾರದು. ಅಂದು ಪಾಲುಗಾರನಿಗೆ ಕೂರಲು ಒಂದು ಮರದ ಮಣೆ. ವಾರದ ಬಟವಾಡೆಗೆ ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತ ಮನುಷ್ಯ ಆ ಮಣೆಯ ಮೇಲೆ ಕುಳಿತು, ಎರಡು ರಾಶಿಗಳನ್ನೂ ದಿಟ್ಟಿಸಿ, ಬೇಕೆಂದೇ ಹೊತ್ತು ಕಳೆಯುತ್ತಿದ್ದರು. ಗಿರಿಗೆ ತಡೆಯಲಾಗುತ್ತಿರಲಿಲ್ಲ.

“ಎಂಥ ಕೆಂಪಣ್ಣ, ಹೆಣ್ಣು ನೋಡೋಕೆ ಬಂದಿದ್ದೀಯಾ? ಬೇಗ ಹೇಳು ಮಾರಾಯ, ಬಿಸಿಲು ಏರ್ತಾ ಉಂಟು.”

“ನಿಂಗ್ಯಾಕ್ಲಾ ಉರಿ? ನಿಂಗೆ ನೋಡೋಕಿದ್ದಿದ್ದು ಒಂದೇ ರಾಶಿ, ಅದೂ ನಿನ್ನ ಬಿಟ್ಟು ಹೋಯ್ತು.”

ಗಿರಿಯ ಮದುವೆ ಮುರಿದದ್ದು ಊರಿಗೆಲ್ಲ ಗೊತ್ತಿತ್ತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಬಿದ್ದಪ್ಪನವರ ಹೆಂಡತಿ ಬೊಳ್ಳವ್ವನವರು ಜಗಲಿಯಿಂದಲೇ, “ಇವತ್ತು ಆರಿಸ್ತಾನಾ, ನಾನು ಅನ್ನಕ್ಕೆ ಇಡ್ಲಾ?” ಎನ್ನುತ್ತಿದ್ದರು.

ಮೆಣಸಿನ ಬೆಲೆ ಕಿಲೋಗೆ ಏಳುನೂರು ದಾಟಿದ ವರ್ಷಗಳವು. ಹರ್ಷಿತಾಳನ್ನು ಕುಶಾಲನಗರದ ಕಾಲೇಜಿಗೆ ಸೇರಿಸಿದರು. ಕೆಂಪಣ್ಣನವರು ತೋಟದ ಕೂಲಿಯನ್ನು ಬಿಟ್ಟರು. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಕೂಗುವಾಗ ಅವರ ಹೆಸರು ಬರುತ್ತಿರಲಿಲ್ಲ. ಆ ಹೊತ್ತಿಗೆ ಅವರು ಬೇಕೆಂದೇ ಹಾಜರಿಯ ಜಾಗದ ಮುಂದೆಯೇ ಹಾದು ಮೇಲಿನ ಇಳಿಜಾರಿಗೆ ಹೋಗುತ್ತಿದ್ದರು. ಇದು ಜಂಬ ಎಂದು ಲೈನಿನ ಕೆಲವರು ಆಡಿಕೊಂಡರು. ಜಂಬವೇ ಹೌದು. ಬೆವರಿನಿಂದ ಬಂದ ಜಂಬವನ್ನು ನಾನು ತಪ್ಪೆನ್ನುವುದಿಲ್ಲ.

ಬಿದ್ದಪ್ಪನವರು ಎದೆನೋವಿನಿಂದ ತೀರಿಕೊಂಡರು. ಅದರ ಮರುವರ್ಷ, 2017ರಲ್ಲಿ, ಬೆಲೆ ಜಾರತೊಡಗಿತು. ಆರುನೂರು, ಐನೂರು, ನಾಲ್ಕುನೂರು. ಬೆಳೆ ಹೆಚ್ಚಾಗಿರಲಿಲ್ಲ, ಗುಣ ಕೆಟ್ಟಿರಲಿಲ್ಲ. ಕಾರಣ ತಿಳಿಸಲೆಂದು ಬೆಳೆಗಾರರು ಚೆಟ್ಟಳ್ಳಿಯಲ್ಲಿ ಒಂದು ಸಭೆ ಕರೆದರು. ಪಾಲುಗಾರನಿಗೂ ಹಕ್ಕಿದೆಯೆಂದು ಕೆಂಪಣ್ಣನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಗಿರಿ ಜೊತೆಗೆ ಹೋದ.

ಮಾತಾಡಲು ಬಂದಿದ್ದವರು ಸುಂಕದ ವಿಷಯ ಬಲ್ಲ ಒಬ್ಬ ಯುವಕ, ಹೆಸರು ಸಿದ್ಧಾರ್ಥ. ತಾಳ್ಮೆಯಿಂದ ಬಿಡಿಸಿ ಹೇಳಿದರು. ದೇಶ ದೇಶಗಳು ಮೇಜಿನ ಸುತ್ತ ಕುಳಿತಾಗ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಪಡೆಯುತ್ತವೆ. ಯಂತ್ರಗಳಿಗೆ ಒಂದು ಸಾಲು, ಬಟ್ಟೆಗೆ ಒಂದು ಸಾಲು, ತಾಳೆಎಣ್ಣೆಗೆ ಒಂದು. ಕೆಲವಕ್ಕೆ ಸುಂಕ ಬೇಗ ಇಳಿದು ಸೊನ್ನೆಯಾಗುತ್ತದೆ, ಕೆಲವಕ್ಕೆ ಮೆಲ್ಲಗೆ ಇಳಿಯುತ್ತದೆ, ಕೆಲವನ್ನು ಒಪ್ಪಂದದಿಂದ ಹೊರಗೇ ಇಡುತ್ತಾರೆ. ಹಾಲನ್ನು ಬಹುಮಟ್ಟಿಗೆ ಹೊರಗಿಟ್ಟರು. ಕಾಫಿ, ಚಹಾ, ಮೆಣಸು ಮೆಲ್ಲಗೆ ಇಳಿಯುವ ಸಾಲಿಗೆ ಬಿದ್ದವು. ಆ ದಾರಿಯಲ್ಲಿ ಬಂದರೆ ಇನ್ನೂ ಬೆಲೆಯ ಅರ್ಧದಷ್ಟು ಸುಂಕ ತೆರಬೇಕು. ಆದರೆ ಪಕ್ಕದ ದ್ವೀಪದೊಂದಿಗೆ ಅದಕ್ಕೂ ಮುಂಚೆಯೇ ಬೇರೊಂದು ಒಪ್ಪಂದವಿತ್ತು, ಅಲ್ಲಿ ಸುಂಕ ಅತ್ಯಲ್ಪ. ಬೇರೆ ದೇಶದ ಮೆಣಸು ಆ ದ್ವೀಪದ ಹೆಸರಿನಲ್ಲಿ ಬರುತ್ತಿದೆ ಎಂಬುದು ಬೆಳೆಗಾರರ ದೂರು.

ಗಿರಿ ಹಿಂದಿನಿಂದ ಕೂಗಿದ: “ಸಾರ್, ಆ ದ್ವೀಪದಲ್ಲಿ ಅಷ್ಟು ಮೆಣಸು ಬೆಳೆಯೋಕೆ ಮರ ಉಂಟಾ?”

ಸಭೆ ನಕ್ಕಿತು. ಕೆಂಪಣ್ಣನವರು ನಗಲಿಲ್ಲ. ಎದ್ದು ನಿಂತರು.

“ಸ್ವಾಮಿ, ನಮ್ಮಣ್ಣ ಹಾಸನದ ಕಡೆ ಹಸ ಕಟ್ಟವ್ನೆ. ಅವನ ಹಸಕ್ಕೆ ಬೇಲಿ ಹಾಕವ್ರೆ ಅಂದ್ರಲ್ಲ, ಒಳ್ಳೇದಾಯ್ತು. ಒಂದೇ ತಾಯಿ ಹಾಲು ಕುಡಿದೋರು ನಾವು. ನನ್ನ ಬಳ್ಳಿ ಸುತ್ತ ಯಾಕೆ ಹಾಕ್ಲಿಲ್ಲ? ಆ ಮೇಜಿನತ್ರ ನಮ್ಮ ಕಡೆಯೋರು ಯಾರಿದ್ರು?”

ಆ ಯುವಕ ಪ್ರಾಮಾಣಿಕರು. “ನನಗೆ ಗೊತ್ತಿಲ್ಲ, ಯಜಮಾನರೇ,” ಎಂದರು.

ಆ ವರ್ಷ ಕೊಡಗಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ, ಐನೂರಕ್ಕಿಂತ ಕಡಿಮೆ ಬೆಲೆಯ ಮೆಣಸು ಹೊರದೇಶದಿಂದ ಬರಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಹರ್ಷಿತಾ ಮೊಬೈಲಿನಲ್ಲಿ ಓದಿ ಹೇಳಿದಳು. ಲೈನಿನಲ್ಲಿ ಪಟಾಕಿ ಹೊಡೆದವರೂ ಇದ್ದರು. ಅದೇ ವಾರ ಬೊಳ್ಳವ್ವನವರು ಕೆಂಪಣ್ಣನವರನ್ನು ಕಣಕ್ಕೆ ಕರೆಸಿದರು. ಮಣೆ ಹಾಕಿರಲಿಲ್ಲ.

“ಕೆಂಪಣ್ಣ, ಕಾಫಿಗೂ ಬೆಲೆ ಇಲ್ಲ, ಮೆಣಸಿಗೂ ಇಲ್ಲ. ಕೆಲಸದವರಿಗೆ ಕೊಡೋಕೆ ನಾನು ಎಲ್ಲಿಂದ ತರ್ಲಿ? ಮರದ ವ್ಯಾಪಾರಿ ಎರಡು ಸಲ ಬಂದ. ಮೇಲಿನ ಸಿಲ್ವರ್ ಕೇಳ್ತಿದ್ದಾನೆ.”

“ಅಮ್ಮಾ, ಬಳ್ಳಿ ಇರೋ ತನಕ ಅಂದಿದ್ರು ಸಾವ್ಕಾರ್ರು.”

“ಬಳ್ಳಿ ನಿಂದೇ. ನಾನು ಇಲ್ಲ ಅಂದ್ನಾ? ಮರ ನಂದಲ್ವಾ?”

ಬಳ್ಳಿ ಅವರದು, ಮರ ಇವರದು. ಮಾತು ಕೊಟ್ಟ ದಿನ ಇಬ್ಬರೂ ನಕ್ಕಿದ್ದರು. ಒಂದು ನಿಂತರೆ ಮಾತ್ರ ಇನ್ನೊಂದು ನಿಲ್ಲುವುದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

“ಒಂದು ವರ್ಷ ತಡೀರಿ ಅಮ್ಮಾ. ಸರ್ಕಾರದೋರು ಕದ ಹಾಕವ್ರೆ. ಬೆಲೆ ಏಳ್ತದೆ.”

ಬೊಳ್ಳವ್ವನವರು ತಡೆದರು. ಒಂದಲ್ಲ, ಅದಕ್ಕಿಂತ ಹೆಚ್ಚೇ ತಡೆದರೆಂದು ಹೇಳಬೇಕು. ಅವರ ಮೇಲೆ ದೋಷ ಹೊರಿಸುವುದು ಸುಲಭ, ನ್ಯಾಯವಲ್ಲ. ಆದರೆ ಬೆಲೆ ಏಳಲಿಲ್ಲ. ಕದ ಹಾಕಿದ ಮನೆಗೆ ಕಿಟಕಿಗಳಿದ್ದವೋ, ಮೊದಲೇ ಬಂದ ದಾಸ್ತಾನು ಕರಗಲಿಲ್ಲವೋ, ಬಲ್ಲವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮೆಣಸು ಮುನ್ನೂರು ಚಿಲ್ಲರೆಗೆ ಇಳಿದು ಅಲ್ಲೇ ಕುಳಿತಿತು.

ಓದು ಮುಗಿಸಿದ ಹರ್ಷಿತಾ ಆಗ ಕುಶಾಲನಗರದಲ್ಲಿ ಪ್ರವಾಸಿಗರಿಗೆ ಮಸಾಲೆ ಮಾರುವ ಒಂದು ಅಂಗಡಿಯ ಬಿಲ್ಲಿಂಗಿನಲ್ಲಿದ್ದಳು. ಒಂದು ಸಂಜೆ ಉರಿಯುತ್ತ ಮನೆಗೆ ಬಂದಳು.

“ಅಪ್ಪ, ಬಂದೋರೆಲ್ಲ ಕೊಡಗಿನ ಮೆಣಸು ಕೊಡಿ ಅಂತಾರೆ. ಗೋಡೌನಲ್ಲಿರೋ ಮೂಟೆ ಮೇಲೆ ಯಾವ್ದೋ ದೇಶದ ಅಕ್ಷರ. ನಂಗೆ ಪ್ಯಾಕೆಟ್ ಕೊಡೋಕೂ ನಾಚ್ಕೆ.”

ಕೆಂಪಣ್ಣನವರು ಬೀಡಿಯನ್ನು ನೆಲಕ್ಕೆ ಒತ್ತಿ ನಂದಿಸಿದರು.

“ಆ ಮೆಣಸಿಗೆ ಬಯ್ಯಬ್ಯಾಡ ಮಗ. ಅದನ್ನೂ ಯಾವನೋ ಏಣಿ ಹತ್ತೇ ಕಿತ್ತಿರ್ತಾನೆ.”

ಈ ಮಾತನ್ನು ನಾನು ಗೋಡೆಯಾಚೆಯಿಂದ ಕೇಳಿದೆ. ಅವರು ಆಡಿದ ಮಾತುಗಳಲ್ಲಿ ಇದೊಂದನ್ನು ಉಳಿಸಿಕೊಂಡರೆ ಸಾಕೆನ್ನಿಸಿದ್ದುಂಟು.

2019ರ ಬೇಸಿಗೆಯಲ್ಲಿ, ಕಾಫಿ ಹೂ ಉದುರಿದ ಮೇಲೆ, ಗರಗಸದವರು ಬಂದರು. ಮರ ಉರುಳಿಸುವ ಮುನ್ನ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ ಎಳೆದುಹಾಕಬೇಕು, ಇಲ್ಲವಾದರೆ ಒಂದು ಮರ ಇನ್ನೊಂದನ್ನು ಹಿಡಿದು ಜಗ್ಗುತ್ತದೆ. ಅವರ ಹುಡುಗರು ಕತ್ತಿ ಎತ್ತಿದಾಗ ಕೆಂಪಣ್ಣನವರು ಅಡ್ಡ ನಿಂತರು. ಅವರು ಜಗಳಕ್ಕೆ ಬಂದರೆಂದು ಗರಗಸದವರ ಮೇಸ್ತ್ರಿ ತಿಳಿದ.

“ಬಿಡಿ ಯಜಮಾನ್ರೇ, ಲೇಟಾಗ್ತದೆ.”

“ನಾನು ನೆಟ್ಟಿದ್ದು. ನಾನೇ ಕೊಯ್ತೀನಿ. ನೀವು ಅತ್ಲಾಗಿ ಹೋಗಿ ಟೀ ಕುಡೀರಿ.”

ಒಂದೊಂದು ಮರದ ಬುಡದಲ್ಲೂ ಕುಕ್ಕುರುಗಾಲಲ್ಲಿ ಕುಳಿತು ಕತ್ತಿಯಿಂದ ತಾವೇ ಕತ್ತರಿಸಿದರು. ಬಳ್ಳಿಗಳು ಮರದ ಮೇಲೆಯೇ ಇದ್ದವು, ಎಲೆ ಇನ್ನೂ ಹಸಿರಾಗಿತ್ತು. ತಾವು ಸತ್ತದ್ದು ಅವಕ್ಕೆ ಇನ್ನೂ ತಿಳಿದಿರಲಿಲ್ಲ. ಕೊನೆಗೆ ಬುಡದಲ್ಲಿ ಹರಿದಿದ್ದ ಎಳೆಯ ಹಂಬುಗಳನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಹೊತ್ತು ತಂದರು. ಲಿಂಗಮ್ಮ ಬಾಗಿಲಲ್ಲಿದ್ದರು. ಹತ್ತು ವರ್ಷದ ಹಿಂದೆ ತಾವು ಹೇಳಿದ್ದನ್ನು ಅವರು ಎತ್ತಲಿಲ್ಲ. ನೀರು ತಂದು ಗೋಣಿಯ ಮೇಲೆ ಚಿಮುಕಿಸಿದರು.

ಲೈನಿನ ಹಿಂದೆ, ಬೊಳ್ಳವ್ವನವರ ಜಾಗದಲ್ಲೇ, ಒಂದು ಮುದಿ ಹಲಸಿದೆ. ಮಳೆ ಹಿಡಿದ ಮೇಲೆ ಕೆಂಪಣ್ಣನವರು ಅದರ ಬುಡಕ್ಕೆ ಹಂಬುಗಳನ್ನು ನೆಟ್ಟರು. ಯಾರನ್ನೂ ಕೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಬಹಳಷ್ಟು ಕೊಳೆತವು. ಒಂದು ಹಿಡಿಯಿತು.

ಮತ್ತೆ ರೈಟರು ಹಾಜರಿ ಕೂಗುವಾಗ ಅವರ ಹೆಸರು ಬರತೊಡಗಿತು. “ಇದ್ದೀನಿ” ಎನ್ನುವ ಬದಲು ಕೈ ಮಾತ್ರ ಎತ್ತುತ್ತಿದ್ದರು. ಬಟವಾಡೆಯ ಕಿಟಕಿಯ ಮುಂದಿನ ಸಾಲಿನಲ್ಲಿ ಕೊನೆಯವರಾಗಿ ನಿಲ್ಲುತ್ತಿದ್ದರು. ಕೆಲಸದಲ್ಲಿ ಕುಂದಿಲ್ಲ, ಬೇರೆಯವರ ಬಳ್ಳಿಗೂ ಅಷ್ಟೇ ಜೋಪಾನವಾಗಿ ಏಣಿ ಒರಗಿಸಿದರು. ಆದರೆ ಮೇಲಿನ ಇಳಿಜಾರಿನ ಕಡೆಯ ದಾರಿಯನ್ನು ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದರು. ಮಳೆಗಾಲದ ಕೆಮ್ಮು ಪ್ರತಿವರ್ಷ ಸ್ವಲ್ಪ ಹೆಚ್ಚು ದಿನ ಉಳಿಯಿತು. ಹಲಸಿನ ಬಳ್ಳಿಯಲ್ಲಿ ಮೊದಲ ಎಳೆಯ ಗೊಂಚಲುಗಳು ಕಂಡ ವರ್ಷ ಅವರಿಗೆ ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಜೀಪಿಗೆ ಹತ್ತಿಸುವಾಗ ಗಿರಿಯನ್ನು ಕರೆದು, “ಲೋ, ಹಲಸಿಗೆ ನನ್ನ ಏಣಿ ಹಾಕ್ಬ್ಯಾಡ, ಜಾರ್ತದೆ. ಕವೆ ಇರೋದ ಬೇರೆ ಕಡ್ಕೊ,” ಎಂದರು. ನಮ್ಮ ಲೈನಿನಲ್ಲಿ ಯಾರಿಗಾದರೂ ಅವರು ಆಡಿದ ಕೊನೆಯ ಮಾತು ಅದು.

ಮುಂದಿನ ಫೆಬ್ರವರಿಯಲ್ಲಿ ಗಿರಿ ಹಲಸನ್ನು ಹತ್ತಿ ಕೊಯ್ದ. ಒಣಗಿದ ಮೇಲೆ ಅದು ಒಂದು ಮೊರ ತುಂಬುವಷ್ಟೂ ಇರಲಿಲ್ಲ. ಲಿಂಗಮ್ಮ ಅದನ್ನು ಬೊಳ್ಳವ್ವನವರ ಕಣಕ್ಕೆ ಒಯ್ದರು, ಮರ ಅವರದಲ್ಲವೇ. ಬೊಳ್ಳವ್ವನವರು ಒಳಗೆ ಹೋಗಿ ಮರದ ಮಣೆ ತಂದು ಹಾಕಿದರು. ಮುದಿ ಕೈಗಳಿಂದ ತಾವೇ ಮೆಣಸನ್ನು ಎರಡು ರಾಶಿ ಮಾಡಿದರು. ಬೊಗಸೆಯಷ್ಟು ಒಂದು, ಬೊಗಸೆಯಷ್ಟು ಇನ್ನೊಂದು.

“ಕೂತ್ಕೋ ಲಿಂಗಮ್ಮ. ಆರಿಸು.”

ಲಿಂಗಮ್ಮ ಕೂರಲಿಲ್ಲ.

“ಆರಿಸೋದು ಅವರ ಕೆಲಸ ಆಗಿತ್ತು ಅಮ್ಮಾ. ನಂಗೆ ಎರಡೂ ಒಂದೇ ಥರ ಕಾಣ್ತವೆ.”

“ನಂಗೂ,” ಎಂದರು ಬೊಳ್ಳವ್ವನವರು.

ಬಿಸಿಲು ಏರಿತು. ಇಬ್ಬರು ವಿಧವೆಯರೂ ರಾಶಿಗಳ ಎರಡು ಬದಿಯಲ್ಲಿ ನಿಂತೇ ಇದ್ದರು. ತಕ್ಕಡಿ ಹೊರಗೆ ಬರಲಿಲ್ಲ.

ಅದಾದ ಮೇಲೆ ಬೆಲೆ ಏರಿದೆ; ಈಗ ಮತ್ತೆ ಏಳುನೂರರ ಆಸುಪಾಸು. ಮೇಲಿನ ಇಳಿಜಾರಿನಲ್ಲಿ ಸಿಲ್ವರ್ ಮರದ ಮೋಟುಗಳಿವೆ, ಅವುಗಳ ಸುತ್ತ ಲಂಟಾನ ಬೆಳೆದಿದೆ.

ಕೆಂಪಣ್ಣನವರು ಬಿಟ್ಟುಹೋದದ್ದು:

ಅಮಾವಾಸ್ಯೆಯಲ್ಲಿ ಕಡಿದ ಬಿದಿರಿನ ಒಂಟಿ ಏಣಿ, ಹುಳು ಬಿದ್ದಿಲ್ಲ.

ಏಣಿಯ ತುದಿ ಬಿಗಿಯುವ ಹಗ್ಗ, ಸೊಂಟದ ಚೀಲ, ಹಿಡಿ ಸವೆದ ಕತ್ತಿ.

ಸಭೆಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ. ಆಮೇಲೆ ಮಗಳ ಮದುವೆಗೆಂದು ಎತ್ತಿಟ್ಟಿದ್ದರು. ಮದುವೆ ಇನ್ನೂ ಆಗಿಲ್ಲ.

ಮೈಲುತುತ್ತದ ಕಲೆ ಹೋಗದ ಒಂದು ಬಕೆಟ್ಟು. ಲಿಂಗಮ್ಮ ಅದರಲ್ಲೇ ನೀರು ಹೊರುತ್ತಾರೆ.

ಹೆಂಡತಿ, ಮಗಳು, ಹಾಸನದಲ್ಲಿ ಅಣ್ಣ.

ಬೊಳ್ಳವ್ವನವರ ಜಗಲಿಯಲ್ಲಿ ಗೋಡೆಗೆ ಒರಗಿಸಿಟ್ಟಿರುವ ಒಂದು ಮರದ ಮಣೆ.

ಲೈನಿನ ಹಿಂದಿನ ಹಲಸಿನ ಮೇಲೆ, ಕೈಗೆ ಎಟುಕದಷ್ಟು ಎತ್ತರ ಹೋಗಿರುವ ಒಂದು ಮೆಣಸಿನ ಬಳ್ಳಿ. ಅದರ ಫಸಲಿನಲ್ಲಿ ಅರ್ಧ.